ಚೆನ್ನಾಗಿ ಮಾತಾಡಿದವರಿಗೋ, ಒಳ್ಳೆಯ ಮಾತು ತಂದವರಿಗೋ?

ಪ್ರಶ್ನೆ: ನಮ್ಮ ಭಾಷಣ ಕ್ಲಬ್‌ನಲ್ಲಿ ಈಚೆಗೆ ನನ್ನನ್ನು ತೀರ್ಪು ಕೊಡಲು ಕೂರಿಸುತ್ತಿದ್ದಾರೆ. ಒಬ್ಬರು ಸೊಗಸಾಗಿ ಮಾತಾಡುತ್ತಾರೆ, ಮಾತಿನಲ್ಲಿ ತಿರುಳಿರುವುದಿಲ್ಲ. ಇನ್ನೊಬ್ಬರ ವಿಷಯ ಗಟ್ಟಿ, ಆದರೆ ತಡವರಿಸುತ್ತಾರೆ. ಯಾರಿಗೆ ಜಾಸ್ತಿ ಅಂಕ ಕೊಡಬೇಕು?

ಉತ್ತರ: ಎರಡನೆಯವರಿಗೆ. ಆದರೆ ಅವರು ಹೇಳಿದ್ದು ಕೂತವರಿಗೆ ಕೇಳಿಸಿರಬೇಕು, ಅರ್ಥವಾಗಿರಬೇಕು. ಅಷ್ಟೂ ಆಗದಿದ್ದರೆ ಗಟ್ಟಿ ವಿಷಯ ಅವರ ತಲೆಯಲ್ಲೇ ಉಳಿಯಿತು ಎಂದರ್ಥ.

ಇದು ಬರೀ ನನ್ನ ಅಭಿಪ್ರಾಯವಲ್ಲ. ರಾಲ್ಫ್ ಸ್ಮೆಡ್ಲಿ 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಅನಾದಲ್ಲಿ ಶುರು ಮಾಡಿದ, ಕ್ಲಬ್‌ಗಳ ಮೂಲಕ ಭಾಷಣ ಕಲಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆ ತನ್ನ ಅಂತರರಾಷ್ಟ್ರೀಯ ಸ್ಪರ್ಧೆಗೆ ಬಹುಕಾಲ ಬಳಸಿದ ಅಂಕಪಟ್ಟಿ ನೋಡಿ. 100ರಲ್ಲಿ ವಿಷಯಕ್ಕೆ 50, ಮಂಡನೆಗೆ, ಅಂದರೆ ಹೇಳುವ ರೀತಿಗೆ, 30, ಭಾಷೆಗೆ 20. ಅರ್ಧ ಅಂಕ ತಿರುಳಿನದೇ.

ಹಾಗಿದ್ದರೂ ಕೈ ಯಾಕೆ ಮಂಡನೆಯ ಕಡೆ ವಾಲುತ್ತದೆ? ಧ್ವನಿ, ನಿಲುವು, ನಗು ಮೊದಲ ನಿಮಿಷದಲ್ಲೇ ಕಣ್ಣಿಗೆ ಬೀಳುತ್ತವೆ. ತಿರುಳು ಕೊನೆಯವರೆಗೆ ಕೇಳಿದರೇನೇ ಸಿಗುವುದು. ಅಷ್ಟರಲ್ಲಿ ಮನಸ್ಸು ತೀರ್ಪು ಕೊಟ್ಟು ಮುಗಿಸಿರುತ್ತದೆ.

ಅಮೆರಿಕದಲ್ಲಿ 1970ರ ದಶಕದ ಆರಂಭದಲ್ಲಿ ಒಂದು ಪ್ರಯೋಗ ನಡೆಯಿತು. ಒಬ್ಬ ನಟನನ್ನು ‘ಡಾ. ಫಾಕ್ಸ್’ ಎಂದು ಪರಿಚಯಿಸಿ, ಅವನಿಗೆ ಗೊತ್ತೇ ಇಲ್ಲದ ವಿಷಯದ ಮೇಲೆ ಉಪನ್ಯಾಸ ಕೊಡಿಸಿದರು. ಮಾತಿನಲ್ಲಿ ಗೊಂದಲ, ಹುಸಿ ಪದ, ಒಂದಕ್ಕೊಂದು ಹೊಂದದ ಹೇಳಿಕೆ ಎಲ್ಲವನ್ನೂ ಬೇಕೆಂದೇ ತುಂಬಿದ್ದರು. ಕೇಳಿದವರಲ್ಲಿ ಮನೋವೈದ್ಯರೂ ಇದ್ದರು. ಆದರೂ ಹೆಚ್ಚಿನವರು ಮೆಚ್ಚಿ ಅಭಿಪ್ರಾಯ ಬರೆದುಕೊಟ್ಟರು. ಓದಿದವರೇ ಹೀಗೆ ಮರುಳಾದರು ಅಂದಮೇಲೆ ನಾವೂ ಆಗಬಹುದು, ಅಲ್ವಾ?

ಕ್ಲಬ್‌ಗಳಲ್ಲಿ ಇನ್ನೊಂದು ಮಾತು ಓಡಾಡುತ್ತದೆ: ಕೇಳುಗರ ಮೇಲೆ ಪದಗಳ ಪರಿಣಾಮ ಶೇ 7 ಮಾತ್ರ, ಉಳಿದದ್ದು ಧ್ವನಿ, ಹಾವಭಾವ ಅಂತ. ದಯವಿಟ್ಟು ಇದನ್ನು ನಂಬಬೇಡಿ. ಈ ಲೆಕ್ಕದ ಮೂಲವಾದ, ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಅಧ್ಯಯನಗಳು ಭಾವನೆಯನ್ನು ಗುರುತಿಸುವ ಬಗ್ಗೆ ಮಾತ್ರ ಇದ್ದವು. ಪದ ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಕೇಳುಗ ಯಾವುದನ್ನು ನಂಬುತ್ತಾನೆ ಅನ್ನುವುದು ಅಲ್ಲಿನ ಪ್ರಶ್ನೆ. ಇಡೀ ಭಾಷಣಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ನಾನು ತೀರ್ಪಿಗೆ ಕೂತಾಗ ಒಂದು ಕೆಲಸ ಮಾಡುತ್ತೇನೆ. ಭಾಷಣ ಮುಗಿದ ತಕ್ಷಣ, ಅಂಕ ಹಾಕುವ ಮೊದಲು, ‘ಇವರು ಹೇಳಿದ್ದೇನು?’ ಅನ್ನುವುದಕ್ಕೆ ಒಂದೇ ಸಾಲು ಬರೆದುಕೊಳ್ಳುತ್ತೇನೆ. ಪೆನ್ನು ಓಡದಿದ್ದರೆ, ಚಪ್ಪಾಳೆ ಎಷ್ಟೇ ಜೋರಾಗಿರಲಿ, ವಿಷಯದ ಅಂಕ ಮೇಲೆ ಹೋಗುವುದಿಲ್ಲ. ಆದರೆ ಎಚ್ಚರ: ಅವರ ಅಭಿಪ್ರಾಯವನ್ನು ನೀವು ಒಪ್ಪುತ್ತೀರೋ ಇಲ್ಲವೋ ಅನ್ನುವುದು ಇಲ್ಲಿ ಬರಬಾರದು. ಹೇಳಹೊರಟಿದ್ದನ್ನು ಕಾರಣ, ಉದಾಹರಣೆ ಕೊಟ್ಟು ನಿಲ್ಲಿಸಿದರೋ ಅಷ್ಟೇ ನೋಡಿ.

ಮಂಡನೆಯ ಸರದಿ ಆಮೇಲೆ. ಅದನ್ನು ಅಲಂಕಾರ ಅಂತ ತಳ್ಳಿಹಾಕುವವನಲ್ಲ ನಾನು. ಸರಿಯಾದ ಜಾಗದಲ್ಲಿ ಎರಡು ಕ್ಷಣ ಸುಮ್ಮನೆ ನಿಂತರೆ, ಹಿಂದಿನ ಮಾತು ಕೇಳುಗರ ಒಳಗೆ ಇಳಿಯುತ್ತದೆ. ಹಾಗಾಗಿ ಧ್ವನಿ, ಕೈ, ಕಣ್ಣು ಎಲ್ಲಿ ಮಾತನ್ನು ತಿಳಿಯಾಗಿಸಿದವು, ಎಲ್ಲಿ ಅಡ್ಡ ಬಂದವು ಎಂದು ಗುರುತು ಹಾಕಿಕೊಳ್ಳಿ. ಕೈ ನಡುಗಿತು ಅನ್ನುವುದಕ್ಕೇ ಅಂಕ ಕತ್ತರಿಸಬೇಡಿ. ‘ಆ...’, ‘ಅಂದ್ರೆ...’ ಎಣಿಸುತ್ತಾ ಕೂತರೆ ಮಾತು ಕೈತಪ್ಪುತ್ತದೆ. ವಾರದ ಸಭೆಯಲ್ಲಿ ಅದಕ್ಕೆ ಬೇರೆಯವರು ಇರುತ್ತಾರೆ, ಸಮಯ ನೋಡಲೂ ಬೇರೆಯವರು.

ತಡವರಿಸಿದ ಆ ಸದಸ್ಯರಿಗೆ ಅಂಕ ಕೊಟ್ಟು ಎದ್ದುಹೋಗಬೇಡಿ. ಫಲಿತಾಂಶ ಬಂದ ಮೇಲೆ ಅವರ ಹತ್ತಿರ ಹೋಗಿ, ನೀವು ಬರೆದುಕೊಂಡ ಆ ಒಂದು ಸಾಲನ್ನು ಓದಿ ಹೇಳಿ. ಯಾವ ವಾಕ್ಯದ ಹತ್ತಿರ ಅವರ ದನಿ ಇಳಿದು ನಿಮಗೆ ಕೇಳಿಸಲಿಲ್ಲ ಅನ್ನುವುದನ್ನೂ ಹೇಳಿ.