ಶನಿವಾರದ ಓಟದ ಎರಡು ಪಟ್ಟಿಗಳು

ಕಳೆದ ತಿಂಗಳು ಮತ್ತೊಬ್ಬ ಹುಡುಗ ಫೋನ್ ಮಾಡಿದ್ದ. ಮೈಸೂರು ಕಡೆಯವನು. ವಿದ್ಯಾರ್ಥಿಗಳೇ ಕಾರು ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಗೆ ಕಾಲೇಜಿನ ತಂಡದಲ್ಲಿ ಮೂರು ವರ್ಷ ಕಾರು ಕಟ್ಟಿದ್ದಾನೆ. ಕೈಯಲ್ಲಿ ಕಸುಬು ಇದೆ ಅಂತ ಅವನು ಕಳಿಸಿದ ಫೋಟೋಗಳಲ್ಲೇ ಗೊತ್ತಾಗುತ್ತದೆ. ಆದರೆ ಮಾತು ಶುರು ಮಾಡಿದ್ದು ಹೀಗೆ: "ಸರ್, ನನಗೆ ಎರಡನೇ ದರ್ಜೆಯ ಸರಣಿ ಬೇಡ. ಡೇಟೋನಾದಲ್ಲಿ ಆ ಸರಣಿಯ ಓಟ ಗೆದ್ದವರ ಪಟ್ಟಿ ನೋಡಿದೆ. ಎಲ್ಲರೂ ಕಪ್ ಸರಣಿಯವರೇ ಅಲ್ವಾ? ಅಲ್ಲಿ ಕಲಿಯೋಕೆ ಏನಿದೆ?"

ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಅಮೆರಿಕದಲ್ಲಿ ಸ್ಟಾಕ್ ಕಾರ್ ಓಟ, ಅಂದರೆ ಹೊರಗಿನಿಂದ ಮಾಮೂಲಿ ಕಾರಿನಂತೆ ಕಾಣುವ ಕಾರುಗಳ ಓಟ, ನಡೆಸುವುದು ನ್ಯಾಸ್ಕಾರ್ ಸಂಸ್ಥೆ. ಅದರ ಮೊದಲ ದರ್ಜೆ ಕಪ್ ಸರಣಿ. ಹುಡುಗ ಬೇಡ ಅಂದಿದ್ದು ಅದರ ಕೆಳಗಿನ ಸರಣಿಯನ್ನು. ನಾನಿರುವುದು ಉತ್ತರ ಕೆರೊಲಿನಾದ ಶಾರ್ಲೆಟ್ ಹತ್ತಿರ. ಸ್ಟಾಕ್ ಕಾರ್ ತಂಡಗಳಲ್ಲಿ ಹೆಚ್ಚಿನವು ಇರುವುದೂ ಇಲ್ಲೇ. ಕಾರಿನ ಸೆಟಪ್ ನನ್ನ ಕೆಲಸ: ಸ್ಪ್ರಿಂಗ್, ಶಾಕ್, ಟೈರಿನ ಗಾಳಿ, ತೂಕ ಎಲ್ಲಿ ಎಷ್ಟು ಕೂರಬೇಕು ಅನ್ನುವುದು. ನಾನು ಇತಿಹಾಸ ಓದಿದವನಲ್ಲ, ಕಾರು ಓಡಿಸಿದವನೂ ಅಲ್ಲ. ಹಾಗಾಗಿ ಇಲ್ಲಿ ಹೇಳುವುದನ್ನು ಗ್ಯಾರೇಜಿನಲ್ಲಿ ನಿಂತು ನೋಡಿದವನ ಮಾತು ಎಂದು ಓದಿಕೊಳ್ಳಿ.

ಹುಡುಗ ಹೇಳಿದ್ದು ಸುಳ್ಳಲ್ಲ. ಅದೇ ತೊಂದರೆ. ಪಟ್ಟಿ ಸರಿ ಇದೆ, ಓದಿದ ರೀತಿ ತಪ್ಪು.

ಫ್ಲೋರಿಡಾದ ಡೇಟೋನಾ ಸ್ಪೀಡ್‌ವೇ ಶುರುವಾಗಿದ್ದು 1959ರಲ್ಲಿ. ಒಂದು ಸುತ್ತು ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರ್. ತಿರುವುಗಳು 31 ಡಿಗ್ರಿ ಓರೆ. ಅಲ್ಲಿ ನಡೆದು ಹತ್ತಲು ಹೋದರೆ ಕೈ ಊರಬೇಕಾಗುತ್ತದೆ. ಫೆಬ್ರವರಿಯ ಭಾನುವಾರ ದೊಡ್ಡ ಓಟ, ಡೇಟೋನಾ 500. ಅದರ ಹಿಂದಿನ ದಿನ ಎರಡನೇ ಹಂತದ ಕಾರುಗಳ ಓಟ. ಅದಕ್ಕೇ ಇಲ್ಲಿಯವರು ಇದನ್ನು ಶನಿವಾರದ ಓಟ ಅನ್ನುತ್ತಾರೆ. ಮೊದಲು ಇವುಗಳ ಹೆಸರು ಸ್ಪೋರ್ಟ್ಸ್‌ಮನ್ ಕಾರುಗಳು. ವಾರವಿಡೀ ಬೇರೆ ಕೆಲಸ ಮಾಡಿ, ರಜೆಯ ದಿನ ತಾವೇ ರಿಪೇರಿ ಮಾಡಿದ ಕಾರು ಓಡಿಸುವವರ ವಿಭಾಗ ಅದು. ಅಂಥವರಿಗೆ ಡೇಟೋನಾ ಎಷ್ಟು ದೊಡ್ಡದಿತ್ತು ಅನ್ನುವುದಕ್ಕೆ 1960ರ ಓಟ ಸಾಕ್ಷಿ. ಮೊದಲ ಸುತ್ತಿನಲ್ಲೇ 37 ಕಾರುಗಳು ಒಂದಕ್ಕೊಂದು ಗುದ್ದಿದವು.

1982ರವರೆಗೆ ಈ ವಿಭಾಗದ ಚಾಂಪಿಯನ್ ಆಗಬೇಕಾದರೆ ಊರೂರು ಸುತ್ತಿ ಅಂಕ ಕೂಡಿಸಬೇಕಿತ್ತು. ಒಂದೇ ವಾರದಲ್ಲಿ ಮೂರು ನಾಲ್ಕು ಟ್ರ್ಯಾಕ್. ಕಾರು ಎಳೆದುಕೊಂಡು ರಾತ್ರಿಯಿಡೀ ಪ್ರಯಾಣ. ಆ ವರ್ಷ ನ್ಯಾಸ್ಕಾರ್ ಎಲ್ಲವನ್ನೂ ಒಂದು ವೇಳಾಪಟ್ಟಿಗೆ ತಂದಿತು. ಮೊದಲ ವರ್ಷ 29 ಓಟ, ಎಲ್ಲರೂ ಒಂದೇ ಕಡೆ. ಈಗಿನ ಸರಣಿ ಹುಟ್ಟಿದ್ದು ಹಾಗೆ. ಮೊದಲ ಓಟ ಡೇಟೋನಾದಲ್ಲೇ ನಡೆಯಿತು. ಗೆದ್ದವರು ಡೇಲ್ ಅರ್ನ್‌ಹಾರ್ಟ್.

ಇಲ್ಲೊಂದು ಮಾತು. ಸರಣಿಯ ಹೆಸರು ಪ್ರಾಯೋಜಕರ ಜೊತೆ ಬದಲಾಗುತ್ತಾ ಬಂದಿದೆ. ಬಡ್‌ವೈಸರ್, 1984ರಿಂದ ಬುಶ್ ಎಂಬ ಬಿಯರ್, 2008ರಿಂದ ನೇಷನ್‌ವೈಡ್, 2015ರಿಂದ ಎಕ್ಸ್‌ಫಿನಿಟಿ, 2026ರಿಂದ ಓರೈಲಿ. ಇವು ಐದು ಸರಣಿಗಳಲ್ಲ, ಒಂದೇ.

ಈಗ ಪಟ್ಟಿಗೆ ಬರೋಣ. ದಯವಿಟ್ಟು ನಿಧಾನವಾಗಿ ಓದಿ. ನಾನು ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸೋಲುವುದು ಇಲ್ಲೇ.

1982ರಿಂದ 1994ರವರೆಗೆ ಫೆಬ್ರವರಿಯ ಶನಿವಾರದ ಓಟ 13 ಸಲ ನಡೆಯಿತು. ಗೆದ್ದವರು ನಾಲ್ಕೇ ಜನ. ಅರ್ನ್‌ಹಾರ್ಟ್ ಏಳು ಸಲ, ಅದರಲ್ಲಿ 1990ರಿಂದ ಸತತ ಐದು. ಡ್ಯಾರೆಲ್ ವಾಲ್‌ಟ್ರಿಪ್ ಮೂರು ಸಲ. ಜೆಫ್ ಬೋಡೈನ್ ಎರಡು, ಬಾಬಿ ಆಲಿಸನ್ ಒಂದು. ನಾಲ್ವರೂ ಭಾನುವಾರದ ದೊಡ್ಡ ಹೆಸರುಗಳು. ಹುಡುಗರು ಓದುವುದು ಈ ಪಟ್ಟಿ.

ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ. ಅದೇ 13 ವರ್ಷ, ಅದೇ ಸರಣಿಯ ಚಾಂಪಿಯನ್‌ಗಳು. ಜ್ಯಾಕ್ ಇಂಗ್ರಾಮ್, ಸ್ಯಾಮ್ ಆರ್ಡ್ ಎರಡು ಸಲ, ಮತ್ತೆ ಇಂಗ್ರಾಮ್, ಲ್ಯಾರಿ ಪಿಯರ್ಸನ್ ಎರಡು ಸಲ, ಟಾಮಿ ಎಲ್ಲಿಸ್, ರಾಬ್ ಮೊರೋಸೊ, ಚಕ್ ಬೌನ್, ಬಾಬಿ ಲಬಾಂಟಿ, ಜೋ ನೆಮೆಚೆಕ್, ಸ್ಟೀವ್ ಗ್ರಿಸಮ್, ಡೇವಿಡ್ ಗ್ರೀನ್. ಎರಡೂ ಪಟ್ಟಿಯಲ್ಲಿರುವ ಹೆಸರು ಯಾವುದು ಹುಡುಕಿ. ಒಂದೂ ಇಲ್ಲ.

ಯಾಕೆ? ಡೇಟೋನಾ ವರ್ಷದ ಸುಮಾರು ಮೂವತ್ತು ಓಟಗಳಲ್ಲಿ ಒಂದು, ಅಷ್ಟೇ. ಉಳಿದವುಗಳಲ್ಲಿ ಬಹಳಷ್ಟು ಹಿಕ್ಕರಿ, ಸೌತ್ ಬಾಸ್ಟನ್, ಕ್ಯಾರವೇ ತರದ ಸಣ್ಣ ಟ್ರ್ಯಾಕ್‌ಗಳಲ್ಲಿ. ಹಿಕ್ಕರಿಯ ಸುತ್ತು ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಕಾರು ಸದಾ ತಿರುವಿನಲ್ಲೇ ಇರುತ್ತದೆ. ಬ್ರೇಕ್ ಕಾಯುತ್ತದೆ, ಬಲಗಡೆಯ ಟೈರು ಸವೆಯುತ್ತದೆ. ತಿರುವಿನಿಂದ ಹೊರಬರುವಾಗ ಯಾರು ಮೊದಲು ಆಕ್ಸಿಲರೇಟರ್ ಒತ್ತಬಲ್ಲರೋ ಅವರು ಗೆಲ್ಲುತ್ತಾರೆ. ಡೇಟೋನಾದಲ್ಲಿ ಬ್ರೇಕಿಗೆ ಕೆಲಸವೇ ಇಲ್ಲ ಅನ್ನಬಹುದು. ಆಕ್ಸಿಲರೇಟರ್ ಪೂರ್ತಿ ಕೆಳಗೆ. ಅಲ್ಲಿ ಗೆಲ್ಲಿಸುವುದು ಎಂಜಿನ್ನು, ಗಾಳಿ, ಮತ್ತು ಮುಂದಿನ ಕಾರಿನ ಬೆನ್ನಿಗೆ ಅಂಟಿ ಓಡುವ ಡ್ರಾಫ್ಟಿಂಗ್. ಮುಂದಿನ ಕಾರು ಗಾಳಿ ಸೀಳಿಕೊಂಡು ಹೋಗುತ್ತದೆ, ಹಿಂದಿನದಕ್ಕೆ ತಡೆ ಕಡಿಮೆ. ಎರಡು ಕಾರು ಸೇರಿದರೆ ಒಂಟಿ ಕಾರಿಗಿಂತ ವೇಗ. ಆ ಎಂಜಿನ್ನು, ಆ ಗಾಳಿಯ ಲೆಕ್ಕ ಆಗ ಕಪ್ ತಂಡಗಳ ಕೈಯಲ್ಲಿತ್ತು. ದುಡ್ಡೂ ಅವರ ಹತ್ತಿರವೇ ಇತ್ತು. ಅರ್ನ್‌ಹಾರ್ಟ್ ಅವರ ಪ್ರತಿಭೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಡ್ರಾಫ್ಟಿಂಗ್‌ನಲ್ಲಿ ಅವರ ಸಮ ಯಾರೂ ಇರಲಿಲ್ಲ ಅನ್ನುವವರು ಈಗಲೂ ಇದ್ದಾರೆ.

ಆದರೆ ಅವರು ಅಲ್ಲಿ ಗೆದ್ದಿದ್ದು ಒಂದು ಶನಿವಾರವನ್ನು. ಇಂಗ್ರಾಮ್ ಗೆದ್ದಿದ್ದು ಒಂದು ವರ್ಷವನ್ನು.

ನಾನು ಕಾರ್ಕಳದ ಕಡೆಯವನು. ಕಂಬಳ ನೋಡಿ ಬೆಳೆದವನು. ನಮ್ಮಲ್ಲಿ ನೇಗಿಲಿನ ಓಟ ಬೇರೆ, ಹಗ್ಗದ ಓಟ ಬೇರೆ. ನೇಗಿಲು ಕಿರಿಯದ ಕೋಣಗಳನ್ನು ಯಾರಾದರೂ ಹಗ್ಗ ಹಿರಿಯದ ಎದುರು ಇಟ್ಟು "ಇದು ಸೋತ ಜೋಡಿ" ಅಂದರೆ ಗದ್ದೆಯ ಬದುವಿನಲ್ಲಿ ನಿಂತವರು ಸುಮ್ನೆ ಬಿಡುವುದಿಲ್ಲ.

ಇಂಗ್ರಾಮ್ ಈ ಸರಣಿಯಲ್ಲಿ 31 ಓಟ ಗೆದ್ದರು. 1997ರಲ್ಲಿ ಮಾರ್ಕ್ ಮಾರ್ಟಿನ್ ಮುರಿಯುವವರೆಗೂ ಅದೇ ದಾಖಲೆ. ಸ್ಯಾಮ್ ಆರ್ಡ್ ಓಡಿದ್ದು 92 ಓಟ, ಗೆದ್ದದ್ದು 22. ನಾಲ್ಕಕ್ಕೆ ಒಂದು ಬೀಳುತ್ತದೆ! 1983ರಲ್ಲಿ ಒಂದೇ ವರ್ಷ ಹತ್ತು ಗೆದ್ದರು. 1984ರ ಕೊನೆಯಲ್ಲಿ ರಾಕಿಂಗ್‌ಹ್ಯಾಮ್‌ನಲ್ಲಿ ತಲೆಗೆ ಪೆಟ್ಟು ಬಿದ್ದು ಅವರ ಓಟ ಮುಗಿಯಿತು. 2008ರಲ್ಲಿ ಕಪ್ ಡ್ರೈವರ್ ಕೈಲ್ ಬುಶ್ ಆ ಹತ್ತರ ದಾಖಲೆ ಸರಿಗಟ್ಟಿದರು. ಆಗ ಆರ್ಡ್ ಕಾಯಿಲೆಯಲ್ಲಿ ಬಹಳ ಕಷ್ಟದಲ್ಲಿದ್ದರು. ಆರ್ಡ್ ಕುಟುಂಬಕ್ಕೆ ಬುಶ್ ಹಣದ ನೆರವು ಕೊಟ್ಟರು. ಭಾನುವಾರದ ಡ್ರೈವರ್‌ಗೆ ಶನಿವಾರದವರ ಬೆಲೆ ಗೊತ್ತಿತ್ತು.

ಹುಡುಗನ ವಾದ ಪೂರ್ತಿ ನಿಜವಾಗಿದ್ದ ಕಾಲವೂ ಒಂದಿದೆ. ಅದನ್ನು ಮುಚ್ಚಿಡುವುದಿಲ್ಲ. 2006ರಿಂದ 2010ರವರೆಗೆ ಐದು ವರ್ಷವೂ ಚಾಂಪಿಯನ್ ಆದವರು ಕಪ್ ಡ್ರೈವರ್‌ಗಳೇ. ಡೇಟೋನಾದಲ್ಲಿ ಟೋನಿ ಸ್ಟೀವರ್ಟ್ 2005ರಿಂದ 2013ರ ಒಳಗೆ ಏಳು ಸಲ ಗೆದ್ದು ಅರ್ನ್‌ಹಾರ್ಟ್ ಲೆಕ್ಕಕ್ಕೆ ಸಮ ನಿಂತರು. ಶನಿವಾರದ್ದನ್ನೇ ನಂಬಿದ ತಂಡಗಳು ಆಗ ನಲುಗಿದವು. 2011ರಲ್ಲಿ ನಿಯಮ ಬಂತು: ಡ್ರೈವರ್ ಯಾವುದಾದರೂ ಒಂದೇ ಸರಣಿಯ ಅಂಕಕ್ಕೆ ಓಡಬೇಕು. 2017ರಿಂದ ಅನುಭವಿ ಕಪ್ ಡ್ರೈವರ್‌ಗಳು ಎಷ್ಟು ಶನಿವಾರ ಓಡಬಹುದು ಎಂಬುದಕ್ಕೂ ಮಿತಿ ಬಿತ್ತು. ಅಂದಮೇಲೆ ಹಳೆಯ ಪಟ್ಟಿ ಹಿಡಿದು ಇಂದಿನ ಸರಣಿಯನ್ನು ಅಳೆಯುವುದು ಹೇಗೆ?

ಇನ್ನೂ ಒಂದು ಸಂಗತಿ ಎಂಜಿನಿಯರ್‌ಗಳು ಗಮನಿಸಬೇಕು. ಹೊಸದು ಎಷ್ಟೋ ಸಲ ಶನಿವಾರವೇ ಮೊದಲು ಬಂದಿದೆ. ಫೋರ್ಡ್ ಮಸ್ಟಾಂಗ್ ಇಲ್ಲಿ ಇಳಿದಿದ್ದು 2010ರ ಜುಲೈನಲ್ಲಿ, ಡೇಟೋನಾದಲ್ಲೇ. ಭಾನುವಾರದ ಸರಣಿಗೆ ಬಂದಿದ್ದು 2019ರಲ್ಲಿ. ಕಮಾರೋ ಇಲ್ಲಿ 2013, ಅಲ್ಲಿ 2018. ಅಪಘಾತದ ಪಾಠವೂ ಹಾಗೇ. 2015ರಲ್ಲಿ ಡೇಟೋನಾದ ಶನಿವಾರದ ಓಟದಲ್ಲಿ ಕೈಲ್ ಬುಶ್ ಒಳಗಡೆಯ ಬರೀ ಕಾಂಕ್ರೀಟ್ ಗೋಡೆಗೆ ಗುದ್ದಿದರು. ಬಲಗಾಲು, ಎಡಪಾದ ಮುರಿಯಿತು. ಪೆಟ್ಟು ಹೀರುವ ಸೇಫರ್ ತಡೆಗೋಡೆ ಆ ಜಾಗದಲ್ಲಿ ಇರಲಿಲ್ಲ. ಅದಾದ ಮೇಲೆ ಡೇಟೋನಾದಲ್ಲಿ ಉಳಿದ ಗೋಡೆಗಳಿಗೂ ಅದನ್ನು ಹಾಕುವ ತೀರ್ಮಾನವಾಯಿತು. ಆ ಗೋಡೆ ಭಾನುವಾರದವರನ್ನೂ ಕಾಯುತ್ತದೆ ಅಲ್ವಾ?

2018ರ ಫೆಬ್ರವರಿಯಲ್ಲಿ ನನ್ನ ಅಪ್ಪ ಇಲ್ಲಿಗೆ ಬಂದಿದ್ದರು. ಶನಿವಾರದ ಓಟವನ್ನು ಟಿವಿಯಲ್ಲಿ ಜೊತೆಗೆ ನೋಡಿದೆವು. 120 ಸುತ್ತಿಗೆ ಮುಗಿಯಬೇಕಾದದ್ದು ಅಪಘಾತಗಳಿಂದ ಲಂಬಿಸಿ 143 ಸುತ್ತಿಗೆ ಹೋಯಿತು. ಕೊನೆಗೆ ಟೈಲರ್ ರೆಡಿಕ್ ಮತ್ತು ಎಲಿಯಟ್ ಸ್ಯಾಡ್ಲರ್, ಒಂದೇ ತಂಡದ ಇಬ್ಬರು, ಅಕ್ಕಪಕ್ಕದಲ್ಲೇ ಗೆರೆ ದಾಟಿದರು. ರೆಡಿಕ್ ಗೆದ್ದದ್ದು 0.0004 ಸೆಕೆಂಡಿನಲ್ಲಿ. ಗಂಟೆಗೆ 300 ಕಿಲೋಮೀಟರ್ ವೇಗ ಎಂದಿಟ್ಟುಕೊಂಡರೆ ಮೂರು ಸೆಂಟಿಮೀಟರ್ ಚಿಲ್ಲರೆ, ಎರಡು ಬೆರಳಗಲ. "ಕಂಬಳದಲ್ಲೂ ಈಗ ಲೇಸರ್ ಇಟ್ಟಿದ್ದಾರೆ, ಆದ್ರೆ ಇಷ್ಟು ಹತ್ತಿರದ್ದು ನಾನು ನೋಡಿಲ್ಲ ಮಾರಾಯ" ಅಂದರು ಅಪ್ಪ. ಆ ವರ್ಷದ ಚಾಂಪಿಯನ್ನೂ ರೆಡಿಕ್. ಮೊದಲ 13 ವರ್ಷ ಒಂದು ಸಲವೂ ಕೂಡಿ ಬರದ ಎರಡು ಪಟ್ಟಿಗಳು ಅಲ್ಲಿ ಕೂಡಿದ್ದವು. 1997ರಲ್ಲಿ ರ್‍ಯಾಂಡಿ ಲಜಾಯ್ ಅದನ್ನು ಮೊದಲು ಮಾಡಿ ತೋರಿಸಿದ್ದರು.

ಕೆಲಸದ ಬಗ್ಗೆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಎಲ್ಲ ತಂಡಕ್ಕೂ ಇದು ಹೊಂದುತ್ತದೆ ಎನ್ನಲಾರೆ, ನಾನು ಕಂಡದ್ದು ಕೆಲವೇ ತಂಡ. ದೊಡ್ಡ ತಂಡದಲ್ಲಿ ಶಾಕ್ ನೋಡುವವನು ಶಾಕ್ ಮಾತ್ರ ನೋಡುತ್ತಾನೆ. ಶನಿವಾರದ ಸಣ್ಣ ತಂಡದಲ್ಲಿ ಅದೇ ಮನುಷ್ಯ ಬೆಳಿಗ್ಗೆ ಕಾರಿನ ತೂಕ ಹಾಕಿ, ಮಧ್ಯಾಹ್ನ ಟೈರಿನ ಬಿಸಿ ಅಳೆದು, ರಾತ್ರಿ ಲಾರಿಗೆ ಸಾಮಾನು ತುಂಬುತ್ತಾನೆ. ಎರಡು ವರ್ಷದಲ್ಲಿ ಇಡೀ ಕಾರು ಅವನಿಗೆ ಅರ್ಥವಾಗುತ್ತದೆ. ನರೇನ್ ಕಾರ್ತಿಕೇಯನ್ ಫಾರ್ಮುಲಾ ಒನ್ ಓಡಿಸಿದ ಮೇಲೂ 2010ರಲ್ಲಿ ಇಲ್ಲಿ ಓಡಿದ್ದು ಇದಕ್ಕೂ ಕೆಳಗಿನ ಟ್ರಕ್ ಸರಣಿಯಲ್ಲಿ.

ಆಮೇಲೆ ಅವನಿಗೆ ಮನೆಗೆಲಸ ಕೊಟ್ಟೆ. ಎರಡೂ ಪಟ್ಟಿಗಳನ್ನು ಕೈಯಲ್ಲಿ ಬರೆದು ಕಳಿಸು ಎಂದೆ. ನಾಲ್ಕು ದಿನ ಬಿಟ್ಟು ಫೋಟೋ ಬಂತು, ನೀಟಾಗಿ ಗೆರೆ ಹಾಕಿ ಬರೆದಿದ್ದ. ಇಂಗ್ರಾಮ್ ಹೆಸರಿನ ಕೆಳಗೆ ಎರಡು ಗೆರೆ. ಜೊತೆಗೆ ಒಂದು ಪ್ರಶ್ನೆ: "ಸರ್, ಈ ಹಿಕ್ಕರಿ ಎಲ್ಲಿದೆ? ಈಗಲೂ ಓಟ ನಡೆಯುತ್ತಾ?"

ನಡೆಯುತ್ತದೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಬಂದಾಗ ಕರೆದುಕೊಂಡು ಹೋಗುತ್ತೇನೆ ಎಂದು ಉತ್ತರ ಬರೆದಿದ್ದೇನೆ.