ಸಿಂಹಗಡ ಹತ್ತುವವರಿಗೂ ಲೇಹ್‌ನಲ್ಲಿ ಎರಡು ದಿನ ಯಾಕೆ? ಕರ್ಪೂರ ಸಾಲದೇ?

ಪ್ರಶ್ನೆ: ಪುಣೆಯಿಂದ ನಾವು ನಾಲ್ವರು ಆಗಸ್ಟ್‌ನಲ್ಲಿ ಲಡಾಖಿನ ಮಾರ್ಖಾ ಕಣಿವೆ ಟ್ರೆಕ್‌ಗೆ ಹೊರಟಿದ್ದೇವೆ. ರಜೆ ಎಂಟೇ ದಿನ. ಪ್ರತಿ ಭಾನುವಾರ ಸಿಂಹಗಡ ಹತ್ತುತ್ತೇವೆ, ಕಳಸೂಬಾಯಿಯೂ ಆಗಿದೆ. ಲೇಹ್‌ನಲ್ಲಿ ಎತ್ತರಕ್ಕೆ ಹೊಂದಿಕೊಳ್ಳಲೆಂದು ಎರಡು ದಿನ ಸುಮ್ಮನೆ ಕೂರುವ ಬದಲು, ಮೂಸಿದರೆ ಆಕ್ಸಿಜನ್ ಏರುತ್ತದೆ ಎನ್ನುವ ಕರ್ಪೂರವನ್ನು ಜೇಬಿನಲ್ಲಿ ಇಟ್ಟುಕೊಂಡು ಮರುದಿನವೇ ನಡೆಯಲು ಶುರು ಮಾಡಬಹುದೇ?

ಉತ್ತರ: ಬೇಡ. ವಿಮಾನ ಇಳಿದ ದಿನ ಬಿಟ್ಟು ಲೇಹ್‌ನಲ್ಲಿ ಪೂರ್ತಿ ಎರಡು ದಿನ ಇರಿ, ಅಂದರೆ ಮೂರು ರಾತ್ರಿ. ಎಂಟು ದಿನದಲ್ಲಿ ಹೊಂದದಿದ್ದರೆ ಸ್ಕಿಯು, ಮಾರ್ಖಾ ಹಳ್ಳಿಗಳ ತನಕ ಹೋಗಿ ವಾಪಸ್ ಬನ್ನಿ. ಈ ಟ್ರೆಕ್ಕಿನ ಎತ್ತರದ ಘಾಟಿ ಕೊಂಗ್ಮಾರು ಲಾ ಇನ್ನೊಂದು ವರ್ಷವೂ ಅಲ್ಲೇ ಇರುತ್ತದೆ. ಜೂನ್ ಬಂತೆಂದರೆ ಮುಂಬೈ, ಪುಣೆಯಿಂದ ಈ ಪ್ರಶ್ನೆ ಬರುತ್ತದೆ, ಕರ್ಪೂರದ ಮಾತು ಒಂದು ಸಲವೂ ತಪ್ಪುವುದಿಲ್ಲ. ಎಷ್ಟು ಸಲ ಹೇಳಿದರೂ ಅದು ಟ್ರೆಕ್ ಸಾಮಾನಿನ ಪಟ್ಟಿಯಿಂದ ಇಳಿಯುತ್ತಿಲ್ಲ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಗಾಳಿಯಲ್ಲಿ ಆಕ್ಸಿಜನ್ ಪಾಲು ಮುಂಬೈನ ದಾದರ್‌ನಲ್ಲೂ ಶೇ. 21, ಕೊಂಗ್ಮಾರು ಲಾದಲ್ಲೂ ಶೇ. 21. ಮೇಲೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು. 5,200 ಮೀಟರ್ ದಾಟಿದ ಕೊಂಗ್ಮಾರು ಲಾದಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು. ಪ್ರತಿ ಉಸಿರಿಗೂ ಒಳಗೆ ಇಳಿಯುವ ಆಕ್ಸಿಜನ್ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಕರ್ಪೂರದ ಬಿಲ್ಲೆ ಈ ಒತ್ತಡವನ್ನು ಕೂದಲೆಳೆಯಷ್ಟೂ ಏರಿಸುವುದಿಲ್ಲ. "ಅದರಲ್ಲೇ ಆಕ್ಸಿಜನ್ ಇದೆಯಂತೆ" ಎನ್ನುವವರೂ ಇದ್ದಾರೆ. ಕರ್ಪೂರದ ಅಣುವಿನಲ್ಲಿ ಒಂದು ಆಕ್ಸಿಜನ್ ಪರಮಾಣು ಇದೆ ನಿಜ. ಆದರೆ ಅದು ಇಂಗಾಲಕ್ಕೆ ಬಿಗಿದುಕೊಂಡಿದೆ, ನಿಮ್ಮ ರಕ್ತಕ್ಕೆ ಸಿಗುವುದಿಲ್ಲ.

ಹಾಗಾದರೆ ಮೂಸಿದಾಗ ಹಾಯೆನಿಸುವುದು ಸುಳ್ಳೇ? ಸುಳ್ಳಲ್ಲ. ಕರ್ಪೂರದ ಆವಿ ಮೂಗಿನ ನರಗಳಿಗೆ ತಂಪು ತಾಗಿಸುತ್ತದೆ, ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ಮಿದುಳಿಗೆ ಅನಿಸುತ್ತದೆ. ಮೂಗಿನ ದಾರಿ ಮಾತ್ರ ಇದ್ದಷ್ಟೇ ಇರುತ್ತದೆ. "ಆಕ್ಸಿಮೀಟರ್‌ನಲ್ಲೂ ಅಂಕಿ ಏರಿತು" ಎನ್ನುವವರಿಗೆ ಒಂದು ಪರೀಕ್ಷೆ: ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಕರ್ಪೂರವಿಲ್ಲದೆ ಒಂದು ನಿಮಿಷ ಆಳವಾಗಿ ಉಸಿರೆಳೆದು ಬಿಡಿ. ಅಂಕಿ ಹಾಗೆಯೇ ಏರುತ್ತದೆ, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹಾಗೆಯೇ ಇಳಿಯುತ್ತದೆ. ಮೂಸಲು ಹೋಗಿ ದೀರ್ಘ ಉಸಿರು ಎಳೆದಿರಿ, ಕೆಲಸ ಮಾಡಿದ್ದು ಆ ಉಸಿರು.

ಇದ್ದರೆ ಇರಲಿ ಬಿಡಿ ಎಂದು ಸುಮ್ಮನಾಗುವಂತೆಯೂ ಇಲ್ಲ. ಎತ್ತರದ ಕಾಯಿಲೆಯ ಸೂಚನೆಯಾದ ತಲೆನೋವು, ವಾಕರಿಕೆ ಶುರುವಾದವರು ಕರ್ಪೂರ ಮೂಸುತ್ತಾ ಇನ್ನೂ ಮುನ್ನೂರು ಮೀಟರ್ ಏರುತ್ತಾರೆ. ಅಪಾಯ ಆ ಮುನ್ನೂರು ಮೀಟರಿನಲ್ಲಿದೆ. ಕೆಲವರು ಚೂರು ಬಾಯಿಗೂ ಹಾಕಿಕೊಳ್ಳುತ್ತಾರೆ. ಪೂಜೆಯ ಕರ್ಪೂರ ಹೊಟ್ಟೆಗೆ ಹೋದರೆ ವಿಷ, ಫಿಟ್ಸ್ ಬರಬಹುದು. ಮಕ್ಕಳಿಗೆ ತೀರಾ ಸ್ವಲ್ಪವೂ ಸಾಕು. ಆ ಡಬ್ಬಿ ದೇವರ ಮನೆಯಲ್ಲೇ ಇರಲಿ.

ಇನ್ನು ಸಿಂಹಗಡ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ 2,500 ಮೀಟರ್ ದಾಟಿದ ಮೇಲೆ. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರ್. ಸಹ್ಯಾದ್ರಿ ನಿಮ್ಮ ಮಂಡಿ, ತೊಡೆ, ದಮ್ಮು ಎಲ್ಲವನ್ನೂ ಪರೀಕ್ಷಿಸಿದೆ, ಎತ್ತರವನ್ನು ತಾಳುವ ಶಕ್ತಿಯನ್ನು ಒಮ್ಮೆಯೂ ಪರೀಕ್ಷಿಸಿಲ್ಲ. ಲೇಹ್‌ನ ಆ ಎರಡು ದಿನ ಕೆಲಸ ಮಾಡುವುದು ಮೂತ್ರಪಿಂಡ. ಒತ್ತಡ ಕಡಿಮೆಯಾದಾಗ ಉಸಿರಾಟ ಜೋರಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಆಗ ಮಿದುಳು ಉಸಿರಾಟಕ್ಕೆ ಬ್ರೇಕ್ ಹಾಕುತ್ತದೆ. ಮೂತ್ರಪಿಂಡಗಳು ಕ್ಷಾರ ಗುಣದ ಬೈಕಾರ್ಬನೇಟ್ ಹೊರಹಾಕುತ್ತಾ ಬಂದ ಹಾಗೆ ಆ ಬ್ರೇಕ್ ಸಡಿಲವಾಗುತ್ತದೆ. ಇದಕ್ಕೆ ದಿನಗಳು ಬೇಕು, ಮ್ಯಾರಥಾನ್ ಓಡುವವರಿಗೂ ಅಷ್ಟೇ ದಿನ. ಫಿಟ್ ಇದ್ದವರು ಬೇಗ ನಡೆದು ಬೇಗ ಮೇಲೆ ತಲುಪುವುದರಿಂದ ಬೇಗ ಕಾಯಿಲೆ ಬೀಳುವುದೂ ಉಂಟು.

ಡಯಾಮಾಕ್ಸ್ ಮಾತ್ರೆ ಇದೇ ಮೂತ್ರಪಿಂಡದ ಕೆಲಸವನ್ನು ಚುರುಕು ಮಾಡುತ್ತದೆ. ಸಾಮಾನ್ಯವಾಗಿ ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ. ದಿನಕ್ಕೆರಡು ಸಲ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆನ್ನುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ, ಗಾಬರಿ ಬೇಡ. ಲೇಹ್‌ನಲ್ಲಿ ಮೊದಲ ದಿನ ಕೋಣೆಯಲ್ಲೇ ಇರಿ, ಎರಡನೆಯ ದಿನ ಬಜಾರ್ ಸುತ್ತಿ, ಮೂರನೆಯ ದಿನ ಶಾಂತಿ ಸ್ತೂಪದ ಮೆಟ್ಟಿಲು ನಿಧಾನ ಹತ್ತಿ. ಮದ್ಯ, ನಿದ್ರೆ ಮಾತ್ರೆ ಬೇಡ, ರಾತ್ರಿ ಉಸಿರಾಟ ಇನ್ನಷ್ಟು ಕುಗ್ಗುತ್ತದೆ.

ಕಣಿವೆಯೊಳಗೆ 3,000 ಮೀಟರ್ ಮೇಲೆ, ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಹೆಚ್ಚಿನವರು ಎಡವುವುದು ಹಂಕರ್‌ನಲ್ಲಿ. ಸುಮಾರು 4,000 ಮೀಟರಿನ ಆ ಹಳ್ಳಿಯಿಂದ ಒಂದೇ ದಿನದಲ್ಲಿ 4,700 ದಾಟಿದ ನಿಮಾಲಿಂಗ್‌ಗೆ ಹೋಗಿ ಮಲಗುತ್ತಾರೆ. ನಡುವೆ ತಾಚುಂಗ್ತ್ಸೆಯಲ್ಲಿ ಒಂದು ರಾತ್ರಿ ಇರಿ. ಯಾರಿಗಾದರೂ ಎತ್ತರದ ಕಾಯಿಲೆ ಜೋರಾಗಿದೆಯೇ ಎಂಬ ಸಂಶಯ ಬಂದರೆ ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಸಿ ನೋಡಿ. ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಜೊತೆಗೊಬ್ಬರನ್ನು ಕಳಿಸಿ ಕೆಳಗೆ ಇಳಿಸಿ.

ನೀವು ಕೇಳದ ಇನ್ನೊಂದು ವಿಷಯ, ಆದರೆ ಆಗಸ್ಟ್ ಎಂದಿರಿ, ಹೇಳಲೇಬೇಕು: ಹೊಳೆ. ಸಹ್ಯಾದ್ರಿಯಲ್ಲಿ ಮೋಡ ನೋಡಿ ಹಳ್ಳದ ಅಂದಾಜು ಮಾಡುವುದು ನಮಗೆ ರೂಢಿ. ಅಲ್ಲಿ ಬಿಸಿಲು ನೋಡಬೇಕು. ಒಂದು ಹನಿ ಮಳೆ ಬೀಳದಿದ್ದರೂ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಬೆಳಗ್ಗೆ ಪಾದ ಮುಳುಗುವಷ್ಟಿದ್ದದ್ದು ಸಂಜೆಗೆ ತೊಡೆ ಮುಟ್ಟಬಹುದು. ಸೇತುವೆ ಇಲ್ಲದ ಕಡೆ ಬೆಳಗ್ಗೆಯೇ ದಾಟಿ. ಬರಿಗಾಲು ಬೇಡ, ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಬ್ಯಾಗಿನ ಸೊಂಟದ ಬಕಲ್ ಬಿಚ್ಚಿ, ಕೋಲೂರಿ, ನೀರು ಬರುವ ದಿಕ್ಕಿಗೆ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಇಡಿ. ಕಿರಿದಾದ ಜಾಗ ಸುಲಭ ಅನಿಸುತ್ತದೆ, ಆದರೆ ಸೆಳೆತ ಅಲ್ಲೇ ಹೆಚ್ಚು. ಹೊಳೆ ಹರಡಿಕೊಂಡು ಕವಲಾಗುವ ಕಡೆ ಹುಡುಕಿ. ಕೊಂಗ್ಮಾರು ಲಾ ಇಳಿದ ಮೇಲೆ ಚೊಗ್ದೊ ಹಳ್ಳಿಯ ತನಕ ಕಂದರದಲ್ಲಿ ಅದೇ ತೊರೆಯನ್ನು ಮತ್ತೆ ಮತ್ತೆ ದಾಟಬೇಕಾಗುತ್ತದೆ, ಆದ್ದರಿಂದ ನಿಮಾಲಿಂಗ್‌ನಿಂದ ಬೆಳಕು ಹರಿಯುವ ಮೊದಲೇ ಹೊರಡಿ.