8 ಗಂಟೆಯಿಂದ 90 ಸೆಕೆಂಡಿಗೆ: ಗಾಮಾ ಸ್ಫೋಟದ ಎಕ್ಸ್-ರೇ ಬೆನ್ನಟ್ಟಿದ ಬಗೆ

ಗಾಮಾ ಕಿರಣ ಸ್ಫೋಟ, ಅಂದರೆ ಬಾಹ್ಯಾಕಾಶದಿಂದ ಹಠಾತ್ತನೆ ಬರುವ ಗಾಮಾ ಕಿರಣಗಳ ಪ್ರಬಲ ಮಿಂಚು, ಸಾಮಾನ್ಯವಾಗಿ ಸೆಕೆಂಡುಗಳ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಅದರ ಬೆನ್ನಿಗೆ ಎಕ್ಸ್-ರೇಯಲ್ಲಿ ಉಳಿಯುವ ಆಫ್ಟರ್‌ಗ್ಲೋ (ಮೆಲ್ಲಗೆ ಆರುವ ಹೊಳಪು) ದಿನಗಟ್ಟಲೆ ಕಾಣಬಹುದು. ಆದರೂ ಅದು ಕೈಗೆ ಸಿಗಲು 30 ವರ್ಷ ಹಿಡಿಯಿತು. ಎತ್ತ ನೋಡಬೇಕೆಂದು ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು, ಅಷ್ಟೆ.

ಕದ್ದುಮುಚ್ಚಿ ನಡೆಸುವ ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಹಾರಿಸಿದ್ದ ವೇಲಾ ಉಪಗ್ರಹಗಳಿಗೆ 1967ರಲ್ಲಿ ಮೊದಲ ಸ್ಫೋಟ ಸಿಕ್ಕಿತು. ಸುದ್ದಿ ಹೊರಬಿದ್ದದ್ದು 1973ರಲ್ಲಿ. 1991ರಲ್ಲಿ ಮೇಲೇರಿದ ಬ್ಯಾಟ್ಸೆ ಉಪಕರಣ 2,704 ಸ್ಫೋಟಗಳನ್ನು ಎಣಿಸಿತು, ಆದರೆ ಅದು ತೋರಿಸುವ ಜಾಗ ಡಿಗ್ರಿಗಟ್ಟಲೆ ಆಚೀಚೆ ಇರುತ್ತಿತ್ತು.

ದಾರಿ ತೆರೆದದ್ದು ಇಟಲಿ–ನೆದರ್‌ಲೆಂಡ್ಸ್‌ನ ಬೆಪ್ಪೊಸ್ಯಾಕ್ಸ್ ಉಪಗ್ರಹ. 1997ರ ಫೆಬ್ರವರಿ 28ರ ಸ್ಫೋಟವನ್ನು ಅದರ ಅಗಲ ನೋಟದ ಕ್ಯಾಮೆರಾ 3 ಆರ್ಕ್‌ಮಿನಿಟ್ ತ್ರಿಜ್ಯದೊಳಗೆ ಗುರುತಿಸಿತು. ಅಂದರೆ ಆ ವೃತ್ತದ ಅಗಲ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲು. ನೆಲದಿಂದ ಆದೇಶ ಹೋಗಿ, ಉಪಗ್ರಹ ತಿರುಗಿ, ಸೂಕ್ಷ್ಮ ದೂರದರ್ಶಕ ಅಲ್ಲಿಗೆ ನೆಟ್ಟಾಗ 8 ಗಂಟೆ ಕಳೆದಿತ್ತು. ಓರಿಯನ್ ದಿಕ್ಕಿನಲ್ಲಿ ಹೊಸ ಎಕ್ಸ್-ರೇ ಆಕರವೊಂದಿತ್ತು. ಮೂರು ದಿನ ಬಿಟ್ಟು ನೋಡಿದರೆ ಸುಮಾರು 20 ಪಟ್ಟು ಮಂಕಾಗಿತ್ತು. ಅದೇ ವರ್ಷದ ಮೇ ತಿಂಗಳ ಇನ್ನೊಂದು ಸ್ಫೋಟದ ರೋಹಿತವನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ಕೆಕ್ ದೂರದರ್ಶಕ ತೆಗೆದಾಗ ಕೆಂಪು ಪಲ್ಲಟ, ಅಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ಅಲೆ ಹಿಗ್ಗಿದ ಪ್ರಮಾಣ, ಕನಿಷ್ಠ 0.835 ಎಂದು ಗೊತ್ತಾಯಿತು. ಅಷ್ಟು ಹಿಗ್ಗಲು ಬೆಳಕು ನಮ್ಮ ಗ್ಯಾಲಕ್ಸಿಯಾಚೆ ಬಹು ದೂರದಿಂದ ಬಂದಿರಬೇಕು. ಸ್ಫೋಟಗಳು ನಮ್ಮ ಗ್ಯಾಲಕ್ಸಿಯವೇ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು.

ಆ ಮೊದಲ 8 ಗಂಟೆಯಲ್ಲಿ ಏನಾಗುತ್ತದೆ? ಆಮೇಲೆ ಕಂಡ ಇಳಿಕೆಯ ಗೆರೆಯನ್ನು ಹಾಗೇ ಹಿಂದಕ್ಕೆ ಎಳೆದರಾಯಿತು ಎಂದು ಹಲವರು ಭಾವಿಸಿದ್ದರು. 2004ರ ನವೆಂಬರ್ 20ರಂದು ಹಾರಿದ ನಾಸಾದ ಸ್ವಿಫ್ಟ್ ಉಪಗ್ರಹ ಅದನ್ನು ಸುಳ್ಳಾಗಿಸಿತು. ಅದು ಯಾರ ಅಪ್ಪಣೆಗೂ ಕಾಯದೆ ತಾನೇ ತಿರುಗುತ್ತದೆ, ಹಲವು ಬಾರಿ 90 ಸೆಕೆಂಡಿನೊಳಗೆ. ಕಂಡದ್ದು ಇಷ್ಟು: ಮೊದಲ ಕೆಲವು ನೂರು ಸೆಕೆಂಡು ಕಡಿದಾದ ಇಳಿತ, ಆಮೇಲೆ ಗಂಟೆಗಟ್ಟಲೆ ಬಹುತೇಕ ಸಮತಟ್ಟು, ಅದಾದ ಮೇಲೆ ಮಾಮೂಲಿ ಇಳಿಕೆ. ಈ ಕೊನೆಯ ಹಂತದಲ್ಲಿ ಕಾಲ ಹತ್ತು ಪಟ್ಟಾದರೆ ಬೆಳಕು ಸುಮಾರು 16 ಪಟ್ಟು ಕುಸಿಯುತ್ತದೆ. ನಡುನಡುವೆ ಫ್ಲೇರ್‌ಗಳು, ಅಂದರೆ ಹಠಾತ್ ಭುಗಿಲುಗಳು ಬೇರೆ. ಸಮತಟ್ಟು ಯಾಕೆಂಬ ಜಗಳ ಇನ್ನೂ ಹರಿದಿಲ್ಲ. ಸ್ಫೋಟದ ಒಳಗಿನ ಯಂತ್ರ, ಬಹುಶಃ ಮ್ಯಾಗ್ನೆಟಾರ್ (ಅತಿ ಬಲವಾದ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ), ಇನ್ನೂ ಶಕ್ತಿ ತುಂಬುತ್ತಿದೆ ಎಂಬುದು ಒಂದು ಪಕ್ಷ.

ಹೀಗೆ ಬೇಗ ಹೋದರೆ ಬೇರೆ ತಾಪತ್ರಯ: ಬೆಳಕು ಅತಿಯಾಗುತ್ತದೆ. ಸ್ವಿಫ್ಟ್‌ನ ಎಕ್ಸ್-ರೇ ದೂರದರ್ಶಕದ ಸಿಸಿಡಿ (ಕ್ಯಾಮೆರಾ ಚಿಪ್) ಫೋಟಾನ್, ಅಂದರೆ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುವ ವಿಧಾನದಲ್ಲಿ 2.5 ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಅಷ್ಟರಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಎರಡೂ ಸೇರಿ ಹೆಚ್ಚು ಶಕ್ತಿಯ ಒಂದೇ ಫೋಟಾನ್ ಎಂದು ದಾಖಲಾಗುತ್ತದೆ. ಎಣಿಕೆ ಕಡಿಮೆ, ರೋಹಿತ ಗಡುಸು (ಹೆಚ್ಚು ಶಕ್ತಿಯ ಕಡೆಗೆ ವಾಲಿದ್ದು): ಎರಡೂ ತಪ್ಪು. ಸೆಕೆಂಡಿಗೆ ಸುಮಾರು 0.5 ಎಣಿಕೆ ದಾಟಿದರೆ ಈ ಪೈಲ್-ಅಪ್ ಶುರು. ಆಗ ಚುಕ್ಕೆಯ ನಡುಭಾಗ ಕತ್ತರಿಸಿ, ಸುತ್ತಲಿನ ಬಳೆಯಷ್ಟನ್ನೇ ಲೆಕ್ಕಕ್ಕೆ ಹಿಡಿಯಬೇಕು. ತೀರಾ ಪ್ರಖರವಿದ್ದರೆ ಉಪಕರಣವೇ 1.8 ಮಿಲಿಸೆಕೆಂಡಿನ ವೇಗದ ವಿಧಾನಕ್ಕೆ ಬದಲಾಗುತ್ತದೆ, ಆದರೆ ಆಗ ಚಿತ್ರ ಉಳಿಯದು, ಒಂದೇ ಗೆರೆ ಉಳಿಯುತ್ತದೆ.

ಇನ್ನೊಂದು ಕಾಟ ಶಾಖದ್ದು. ಸಿಸಿಡಿಯನ್ನು ಮೈನಸ್ 100 ಡಿಗ್ರಿಯಲ್ಲಿಡಬೇಕಿದ್ದ ವಿದ್ಯುತ್ ತಂಪುಕಾರಕ ಹಾರಿದ ಸ್ವಲ್ಪ ದಿನಕ್ಕೇ ಕೈಕೊಟ್ಟಿತು. ಅಂದಿನಿಂದ ಶಾಖವನ್ನು ಬಾಹ್ಯಾಕಾಶಕ್ಕೆ ಹೊರಸೂಸುವ ರೇಡಿಯೇಟರ್ ಒಂದನ್ನೇ ನಂಬಿ ಮೈನಸ್ 50ರಿಂದ 70 ಡಿಗ್ರಿಯಲ್ಲಿ ಕೆಲಸ. ಬಿಸಿಯಾದಷ್ಟೂ ಕೆಲವು ಪಿಕ್ಸೆಲ್‌ಗಳು ಕಡಿಮೆ ಶಕ್ತಿಯಲ್ಲಿ ಸುಳ್ಳು ಎಣಿಕೆ ಕೊಡುತ್ತವೆ. ಹಾಗಾಗಿ ಮುಂದಿನ ಗುರಿ ಗೊತ್ತುಮಾಡುವಾಗ ರೇಡಿಯೇಟರ್ ಭೂಮಿಯತ್ತ ಹೆಚ್ಚು ಹೊತ್ತು ಮುಖ ಮಾಡದಂತೆಯೂ ನೋಡಿಕೊಳ್ಳಬೇಕು.